ಡಾಕ್ಟರ ನಂಬರು

ಫೋನಿಗೆ ಡಯಲ್ಲೇ ಇರದ ಕಾಲ. ದಾಂಡೇಲಿಯ ಕಟ್ಟಿಗೆ ಮಿಲ್ಲಿನಲ್ಲಿ ನಾನು ಗುಮಾಸ್ತ. ಒಂದು ಮುಂಜಾನೆ ಮೇಸ್ತ್ರಿ ಇಬ್ರಾಹಿಂ ಸಾಬರ ಕೈ ಗರಗಸಕ್ಕೆ ಸಿಕ್ಕಿ ಎರಡು ಬೆರಳು ಜೋತುಬಿದ್ದವು. ಓಡಿಹೋಗಿ ಫೋನೆತ್ತಿದೆ.

"ಅಂಬೇವಾಡಿ ಡಾಕ್ಟರಿಗೆ ಹಚ್ಚಿ ಕೊಡ್ರಿ, ಲಗೂನ! ಜೀವದ ಮಾತೈತಿ!"

"ನಂಬರ ಹೇಳ್ರಿ," ಎಂದ ಎಕ್ಸ್‌ಚೇಂಜಿನ ಆಪರೇಟರ್. "ಇವತ್ತಿನಿಂದ ಹೆಸರ ಹೇಳಿದ್ರ ಹಚ್ಚೂದಿಲ್ಲ."

"ನಿನ್ನಿತನಕ ನೀವ ಹಚ್ಚಿ ಕೊಡ್ತಿದ್ರೆಲ್ಲರೀ! ಅವರ ನಂಬರ ನಿಮಗ ಗೊತ್ತಿಲ್ಲೇನು?"

"ನನಗ ಗೊತ್ತೈತ್ರಿ. ಆದ್ರ ನೀವ ಹೇಳಬೇಕು. ನಂಬರಿನ ಪುಸ್ತಕ ಇನ್ನೂ ಅಚ್ಚಾಗಿಲ್ಲ."

ಅಂಥ ಮಹಾಜ್ಞಾನಿಯ ಜೊತೆ ವಾದಿಸುವಷ್ಟು ರಕ್ತ ಮೇಸ್ತ್ರಿಯ ಮೈಯಲ್ಲಿರಲಿಲ್ಲ. ಲಾರಿಗೆ ಹತ್ತಿಸಿ ಡಾಕ್ಟರ ಮನೆಗೇ ಒಯ್ದೆವು. ಒಂದು ಬೆರಳು ಉಳಿಯಿತು, ಇನ್ನೊಂದು ಹೋಯಿತು. ಡಾಕ್ಟರು ಹೊಲಿಗೆ ಹಾಕುತ್ತಿದ್ದಾಗ ಅಲ್ಲಿಯ ಫೋನು ಗಣಗಣಿಸಿತು. ನಾನೇ ಎತ್ತಿದೆ. ಅದೇ ಆಪರೇಟರ್.

"ಡಾಕ್ಟರ್ ಸಾಹೇಬ್ರ, ಮುಂಜಾನೆ ಯಾರೋ ನಿಮ್ಮನ್ನ ಅರ್ಜೆಂಟ್ ಕೇಳಿದ್ರು. ಏನ್ ಜನಾರೀ, ಜೀವದ ಮಾತಂತ, ನಂಬರನ ಗೊತ್ತಿಲ್ಲ!"