ಪೂಜೆಗಿಟ್ಟ ಬೀಗದ ಕೈ

ಮೈಸೂರಿನ ಬೀದಿಗಳು ನನಗೆ ಚೆನ್ನಾಗಿ ಗೊತ್ತು. ಯಾವ ಬೀದಿಯ ಕೊನೆಗೆ ಯಾವ ಕಚೇರಿ, ಅಲ್ಲಿ ಮೊದಲು ಯಾರನ್ನು ಮಾತಾಡಿಸಬೇಕು ಎಂದು ನಮ್ಮ ಕಡೆಯವರು ಈಗಲೂ ನನ್ನನ್ನೇ ಕೇಳುತ್ತಾರೆ. ಎಲ್ಲಿ ಕಲಿತೆ ಎಂದು ಮಾತ್ರ ಯಾರೂ ಕೇಳಿಲ್ಲ. ಒಂದು ಆಯುಧಪೂಜೆಯ ದಿನ ನಮ್ಮಕ್ಕನ ಸಲುವಾಗಿ ಓಡಾಡಿ ಕಲಿತೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಬರುವುದು ದುಃಖವಲ್ಲ, ಸಿಟ್ಟು.

ಅಕ್ಕನನ್ನು ತಿರುಮಕೂಡಲು ನರಸೀಪುರದ ಕಡೆ ಕೊಟ್ಟಿತ್ತು. ಬೆನ್ನ ಮೇಲೆ ಅಂಗೈಯಗಲ ಹುಣ್ಣೆದ್ದು, ಹಾಕಿದ ಪಟ್ಟು, ಕಟ್ಟಿದ ಸೊಪ್ಪು ಯಾವುದಕ್ಕೂ ಬಗ್ಗದೆ ಹೋದಾಗ ಭಾವ ಗಾಡಿ ಕಟ್ಟಿಕೊಂಡು ನಂಜನಗೂಡಿಗೆ ತಂದ. ಅಲ್ಲಿಂದ ನಾನು ಜೊತೆಯಾಗಿ ರೈಲು ಹತ್ತಿಸಿದೆ. ಭಾವ ಮಕ್ಕಳನ್ನೂ ದನಗಳನ್ನೂ ನೋಡಿಕೊಳ್ಳಲು ಹಿಂದಕ್ಕೆ ಹೋದ. ನನಗೂ ಅಕ್ಕನಿಗೂ ಅದೇ ಮೊದಲ ಸಲ ಮೈಸೂರು. ಸ್ಟೇಷನ್ನಿನ ಹೊರಗೆ ಜಟಕಾದವನು ತುರುಕ ಮಾತಿನಲ್ಲಿ ಕರೆದ, ಹೂವಿನವಳು ತಮಿಳಿನಲ್ಲಿ ಕೂಗಿದಳು, ಮರಾಠಿ ಮಾತಾಡುತ್ತಿದ್ದ ಇಬ್ಬರು ರುಮಾಲಿನವರು ನಮ್ಮನ್ನು ದಾಟಿ ಹೋದರು. ಅಕ್ಕ ನೋವಿನಲ್ಲೂ ನಕ್ಕಳು. "ಲೇ, ಇಲ್ಲಿ ಕನ್ನಡದೋರು ಯಾರೂ ಇಲ್ವೇನ್ಲಾ?" ಅಂದಳು.

ಆಸ್ಪತ್ರೆಯಲ್ಲಿ ಮಾರನೆಯ ದಿನವೇ ಮತ್ತು ಬರಿಸುವ ಔಷಧ ಮೂಸಿಸಿ ಹುಣ್ಣು ಕೊಯ್ದರು. ಕೊಯ್ದವರ ಕೈ ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೀವೆಲ್ಲ ಹೋಗಿತ್ತು. ಇನ್ನು ಹಾಲು, ಗಂಜಿ ಕುಡಿದು ಮೈಗೆ ಶಕ್ತಿ ಬಂದರೆ ಗೆದ್ದ ಹಾಗೆ ಎಂದು ಡಾಕ್ಟರೇ ಹೇಳಿದರು.

ಮರುದಿನ, ಆಯುಧಪೂಜೆಯ ಬೆಳಿಗ್ಗೆ, ಅಕ್ಕ ಪೂರ್ತಿ ಎಚ್ಚರಗೊಂಡು ಮೊದಲು ಎದೆ ಮುಟ್ಟಿ ನೋಡಿಕೊಂಡಳು. ಕೊರಳಲ್ಲಿ ಶಿವದಾರವಿರಲಿಲ್ಲ. ಬೆಳ್ಳಿಯ ಕರಡಿಗೆ ಇರಲಿಲ್ಲ. ಅದರೊಳಗಿನ ಲಿಂಗವೂ ಇರಲಿಲ್ಲ.

ನಮ್ಮವರಲ್ಲಿ ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕು. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅಕ್ಕ ಒಂದು ದಿನವೂ ನೀರು ಕುಡಿದವಳಲ್ಲ. ಹೆರಿಗೆಯ ದಿನವೂ ಇಲ್ಲ. ಆಯಾಳನ್ನು ಕೇಳಿದೆ. ಕೊಯ್ಯುವ ಮುನ್ನ ಮೈಮೇಲಿನ ಒಡವೆಯನ್ನೆಲ್ಲ ತೆಗೆದು ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕಂತೆ. ಅವಳಿಗೆ ಅದು ಬೆಳ್ಳಿ ತಾಯಿತ. ಓಲೆ, ಬಳೆಯ ಜೊತೆ ಅದನ್ನೂ ಬರೆಸಿದ್ದಾಳೆ. "ಬದ್ರಮಾ ಇರ್ಕದು, ಬಯಪಡ್ಬೇಡ," ಎಂದು ತಮಿಳು ಬೆರೆಸಿ ಹೇಳಿದಳು.

ಆಫೀಸು ವಾರ್ಡಿನ ಎದುರಿಗೇ ಇತ್ತು. ಕಿಟಕಿಯ ಸರಳಿನಿಂದ ಪೆಟ್ಟಿಗೆ ಕಾಣುತ್ತಿತ್ತು. ಅದರ ಮೇಲೆ ಕುಂಕುಮವಿಟ್ಟು ಸೇವಂತಿಗೆ ಮಾಲೆ ಹಾಕಿದ್ದರು. ಆಫೀಸಿಗೆ ಹಬ್ಬದ ರಜೆ. ಬೀಗದ ಕೈ ಗುಮಾಸ್ತರ ಮನೆಯಲ್ಲಿ.

ಅಗ್ರಹಾರದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಗುಮಾಸ್ತರು ಜರಿ ಪಂಚೆಯುಟ್ಟು ಜಗುಲಿಗೆ ಬಂದರು. ವಿಷಯವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಒಳಗೆ ಕೈ ತೋರಿಸಿದರು. ನಡುಮನೆಯ ಮಣೆಯ ಮೇಲೆ ದೇವಿಯ ಪಟದ ಮುಂದೆ ಪುಸ್ತಕಗಳು, ಒಂದು ಚಾಕು, ಮಸಿಕುಡಿಕೆ, ಅವುಗಳ ಮೇಲೆ ಅರಿಸಿನ ಹಚ್ಚಿದ ದೊಡ್ಡ ಬೀಗದ ಕೈ.

"ಪೂಜೆಗಿಟ್ಟಾಗಿದೆಯಪ್ಪ. ನಾಳೆ ಪುನಃಪೂಜೆ ಆಗೋವರೆಗೆ ಕದಲಿಸೋ ಹಾಗಿಲ್ಲ."

"ಬುದ್ಧೀ, ನಮ್ಮಕ್ಕ ನೀರೂ ಮುಟ್ಟಾಕಿಲ್ಲ."

"ನೀರು ಕುಡಿಯೋಕೆ ಬೀಗದ ಕೈ ಯಾಕಯ್ಯ?"

"ಅವಳ ದ್ಯಾವ್ರು ಪೆಟ್ಗೇಲವ್ನೆ ಬುದ್ಧೀ."

"ಸರಿ, ಪೆಟ್ಟಿಗೆಗೂ ಪೂಜೆ ಮಾಡಿಯೇ ಬಂದಿದೀನಿ," ಎಂದರು. ಅಣಕಕ್ಕೆ ಹೇಳಲಿಲ್ಲ. ನನ್ನ ಸಮಾಧಾನಕ್ಕೇ ಹೇಳಿದರು. ಅದಕ್ಕೇ ನನಗೆ ಅವರ ಮೇಲೆ ಇನ್ನೂ ಹೆಚ್ಚು ಸಿಟ್ಟು. ಕೆಟ್ಟವನಾಗಿದ್ದರೆ ಕಾಲಿಗೆ ಬಿದ್ದಾದರೂ ಬಗ್ಗಿಸಬಹುದಿತ್ತು. ನಾನು ಬಿದ್ದೂ ನೋಡಿದೆ. ಅವರು ಮಡಿ ಎಂದು ಹಿಂದಕ್ಕೆ ಸರಿದರು.

ದೊಡ್ಡ ಡಾಕ್ಟರು ಹೇಳಿದರೆ ಬೀಗ ಒಡೆಯಬಹುದೇನೋ ಎಂದು ಅವರ ಬಂಗಲೆಗೆ ಹೋದೆ. ದೊರೆಗಳು ಅರಮನೆಯ ದರ್ಬಾರಿಗೆ ಹೋಗಿದ್ದಾರೆ ಎಂದು ಬಟ್ಲರು ಗೇಟಿನಲ್ಲೇ ತಡೆದ. ಪೊಲೀಸು ಠಾಣೆಗೆ ಹೋದೆ. ಅಲ್ಲಿ ದಫೇದಾರ ಬಂದೂಕುಗಳಿಗೆ ಹೂ ಏರಿಸಿ ಕಡ್ಲೆಪುರಿ ಹಂಚುತ್ತಿದ್ದ.

"ಚೋರಿ ಆಗೈತೇನೋ?"

"ಇಲ್ಲ ಸಾ, ಆಸ್ಪತ್ರೆ ಪೆಟ್ಗೇಲೈತೆ."

"ಮಾಲು ಸಲಾಮತ್ತಾಗೈತೆ, ಮತ್ತೆ ಯಾಕೋ ಅಳ್ತೀಯ? ತಗೋ ಪುರಿ," ಎಂದು ಸುತ್ತಲಿನವರನ್ನು ನಗಿಸಿದ.

ಕಡೆಗೆ ನಮ್ಮವರದೇ ಮಠ. ಪೇಟೆಯಲ್ಲಿ ಕೇಳಿ ಕೇಳಿ ಹೋದೆ. ಇಲ್ಲಾದರೂ ವಿವರಿಸಿ ಹೇಳಬೇಕಾದ್ದಿಲ್ಲ ಎಂದು ಧೈರ್ಯ. ಬೇರೆ ಲಿಂಗ ಕಟ್ಟಿಕೊಡಿ, ಆಸ್ಪತ್ರೆಯವರೆಗೂ ಪಾದ ಬೆಳೆಸಿ ಎಂದು ಅಡ್ಡಬಿದ್ದೆ. ಅಯ್ಯನವರು ಕಣ್ಣು ಮುಚ್ಚಿ ಕೇಳಿ, "ಕಳೆದೋಗಿದ್ರೆ ಬೇರೆ ಕಟ್ತಿದ್ದೆ ಕಣಪ್ಪ. ಕಳೆದಿಲ್ವಲ್ಲ. ಇರೋ ಗಂಡನ್ನ ಬಿಟ್ಟು ಇನ್ನೊಬ್ಬನ್ನ ಕಟ್ಕೊಳಕ್ಕಾದದಾ?" ಎಂದರು. ಊಟ ಮಾಡಿಕೊಂಡು ಹೋಗು ಎಂದೂ ಹೇಳಿದರು. ದಾಸೋಹದ ಎಲೆ ಹಾಕಿತ್ತು. ನಾನು ಎಲೆ ದಾಟಿಕೊಂಡು ಹೊರಗೆ ಬಂದೆ.

ಊರಿಗೆ ಊರೇ ಬೀದಿಯಲ್ಲಿತ್ತು. ನೂಲುವ ರಾಟೆಗೂ ತೂಗುವ ತಕ್ಕಡಿಗೂ ಜಟಕಾದ ಗಾಲಿಗೂ ಕುಂಕುಮ ಬಿದ್ದಿತ್ತು. ಎಲ್ಲರ ಕಸುಬೂ ಅಂದು ದೇವರಾಗಿ ಕೂತಿತ್ತು. ನಾನು ಕೇಳಿದ್ದು ಒಂದು ಬೀಗ ತಿರುವುವ ಕೆಲಸ. ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂಬುದನ್ನು ಮಾತ್ರ ನನಗೆ ಎಲ್ಲರೂ ಹೇಳಿದರು, ಒಬ್ಬೊಬ್ಬರೂ ಒಂದೊಂದು ಮಾತಿನಲ್ಲಿ.

ನಾನು ಹಿಂದಿರುಗುವಷ್ಟರಲ್ಲಿ ಚಿಕ್ಕ ಡಾಕ್ಟರು ಅಕ್ಕನ ಬಾಯಿ ಬಿಡಿಸಿ ಹಾಲು ಹುಯ್ಯಿಸಿದ್ದರು. ಅವಳು ಅದನ್ನು ಉಗಿದಿದ್ದಳು. ತುಟಿ ಸಿಪ್ಪೆಯೆದ್ದಿತ್ತು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡಿದ್ದ ಸಾಬರ ಮುದುಕಿಯೊಬ್ಬಳು ಬೆಳಗಿನಿಂದ ಅವಳಿಗೆ ಬೀಸಣಿಗೆ ಬೀಸುತ್ತಿದ್ದಳು.

"ಅರೇ ಬೇಟಿ, ನಾನೂ ರೋಜಾ ಇರ್ತೀನಿ. ಸಂಜೆ ಆದ್ರೆ ಬಿಡ್ತೀನಿ. ನಿಂದು ಸಂಜೆ ಯಾವಾಗ?" ಎಂದು ಮುದುಕಿ ಕೇಳಿದಳು.

"ನಮ್ತಮ್ಮ ತಂದಾಗ ಕಣವ್ವ," ಎಂದಳು ಅಕ್ಕ. ನನ್ನ ಬರಿಗೈ ನೋಡಿಯೂ ಮುಖ ಆಚೆ ತಿರುಗಿಸಲಿಲ್ಲ. "ತಿಂದ್ಯೇನ್ಲಾ ನೀನು?" ಎಂದು ಕೇಳಿದಳು.

ಮಾರನೆಯ ದಿನ ಪೂಜೆ ಮುಗಿಸಿ, ಊಟ ಮುಗಿಸಿ, ಗುಮಾಸ್ತರು ಬಂದರು. ಅಷ್ಟರಲ್ಲಿ ಅಕ್ಕನಿಗೆ ಜ್ವರವೇರಿ ಮಾತು ತೊದಲುತ್ತಿತ್ತು. ಪೆಟ್ಟಿಗೆ ತೆರೆಯಿತು. ನಾನು ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ನೀರೆರೆದೆ. ಆ ನೀರನ್ನು ಅವಳು ಕುಡಿದಳು. ಮುದುಕಿ ತನ್ನ ಪಾಲಿನ ಗಂಜಿಯನ್ನು ಈಚೆ ಸರಿಸಿದಳು. ಎರಡು ಗುಟುಕು ಇಳಿಯಿತು. ಮೂರನೆಯದು ಹೊರಗೆ ಬಂತು. ಆಮೇಲೆ ಏನೂ ಇಳಿಯಲಿಲ್ಲ. ಮರುದಿನ ಮಧ್ಯಾಹ್ನ ಹೋದಳು. ಡಾಕ್ಟರು ಜ್ವರ ಎಂದು ಬರೆದರು. ಜ್ವರವೇ ಇರಬಹುದು. ಒಂದು ದಿನ ಮೊದಲು ಗಂಜಿ ಇಳಿದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಅವರು ಮುಂದಿನ ಮಂಚಕ್ಕೆ ಹೋದರು.

ಮುಸುಕು ಹೊದಿಸುವ ಮುನ್ನ ಆಯಾ ಬಟ್ಟಲು ಹಿಡಿದು ಬಂದಳು. ಸತ್ತವರ ಮೈಮೇಲಿನ ಒಡವೆಯನ್ನೂ ಬರೆಸಬೇಕಂತೆ. ಅವಳ ಹಿಂದೆ ಪುಸ್ತಕ ಹಿಡಿದ ಗುಮಾಸ್ತರು.

ನಾನು ಲಿಂಗವನ್ನು ಕರಡಿಗೆಯಿಂದ ತೆಗೆದು ಅಕ್ಕನ ಎಡಗೈಯಲ್ಲಿಟ್ಟೆ. ಅವಳ ಬೆರಳು ಮಡಚಿ, ಆ ಮುಷ್ಟಿಯ ಮೇಲೆ ನನ್ನ ಎರಡೂ ಕೈ ಮುಚ್ಚಿ ಕೂತೆ. ಬೆಳ್ಳಿ ಕರಡಿಗೆಯನ್ನು ನೆಲಕ್ಕೆ ಎಸೆದೆ.

"ಬೇಕಿದ್ರೆ ಅದ ತಕ್ಕೊಂಡೋಗಿ ಬೀಗ ಹಾಕ್ಕೋ. ಇದ ಮುಟ್ಟುದ್ರೆ ನಿನ್ನ ಕೈ ಮುರೀತೀನಿ," ಎಂದೆ. ಬುದ್ಧೀ ಎನ್ನಲಿಲ್ಲ.

"ಕಾನೂನಯ್ಯ, ನನ್ನದೇನಿದೆ," ಎಂದರು ಅವರು. ನಾನು ಕೈ ತೆಗೆಯಲಿಲ್ಲ. ಮುದುಕಿ ಮಂಚದ ಮೇಲೆದ್ದು ಕೂತು ಅವರನ್ನೇ ನೋಡುತ್ತಿದ್ದಳು. ಆಮೇಲೆ ಗುಮಾಸ್ತರು ಬಗ್ಗಿ ಕರಡಿಗೆಯನ್ನು ಎತ್ತಿ ನನ್ನ ಪಕ್ಕದಲ್ಲಿಟ್ಟರು. ಪುಸ್ತಕ ಬಿಡಿಸಿ, ನಿಂತಲ್ಲೇ, 'ಮೈಮೇಲೆ ಒಡವೆ ಏನೂ ಇಲ್ಲ' ಎಂದು ಬರೆದುಕೊಂಡು ಹೊರಟರು.

ಅಷ್ಟೇ. ಅಷ್ಟು ಸುಲಭವಾಗಿತ್ತು ಅದು.