ಸುಂಟರಗಾಳಿಗೆ ಬೆನ್ನು ಹಾಕಿ ಕುಳಿತ ವರ್ಲಾ

ಬೆಳಗಿನ ಐದೂವರೆ. ಕಾನ್ಸಾಸಿನ ಪ್ರ್ಯಾಟ್ ಊರಿನ ಮೋಟೆಲ್ ಅಂಗಳದಲ್ಲಿ ವರ್ಲಾ ಕಾಸ್ಪರ್ ಬಿಳಿ ವ್ಯಾನಿನ ಗಾಜು ಉಜ್ಜುತ್ತಿದ್ದಾರೆ. ನಿನ್ನೆ ನಾನೂರು ಮೈಲಿ ಓಡಿ ಬಂದ ಗಾಜಿಗೆ ಬಯಲಿನ ಹುಳುಗಳೆಲ್ಲ ಅಂಟಿಕೊಂಡಿವೆ. ಬಕೆಟ್ಟಿನ ನೀರು ಆಗಲೇ ಮೂರು ಸಲ ಬದಲಾಗಿದೆ. ಮೋಟೆಲಿನೊಳಗೆ ಮಲಗಿರುವ ಏಳು ಮಂದಿ ಪ್ರವಾಸಿಗರು ಎದ್ದು ಬಂದು ಮೊದಲು ನೋಡುವುದು ಆಕಾಶವನ್ನು. ವರ್ಲಾ ನೋಡುವುದು ಟೈರುಗಳನ್ನು.

"ಮೋಡ ಬರುತ್ತೆ, ಹೋಗುತ್ತೆ. ನನಗೆ ವೈಪರ್ ಸರಿಯಾಗಿರ್ಬೇಕು ಕಣಪ್ಪ," ಎಂದು ಬಟ್ಟೆ ಹಿಂಡುತ್ತಾರೆ.

ವಯಸ್ಸು ಅರವತ್ತೇಳು. ಚಳಿಗಾಲವೆಲ್ಲ ಶಾಲೆಯ ಬಸ್ಸು ಓಡಿಸಿ, ಮೇ ಕೊನೆಗೆ ರಜೆ ಬಿತ್ತೆಂದರೆ ಸುಂಟರಗಾಳಿ ನೋಡಲೆಂದೇ ದುಡ್ಡು ಕೊಟ್ಟು ಬಂದು ಬಿರುಗಾಳಿ ಬೆನ್ನಟ್ಟುವವರ ವ್ಯಾನು ಓಡಿಸುವುದು ಇಪ್ಪತ್ತಾರು ವರ್ಷಗಳ ರೂಢಿ. ಒಂದೊಂದು ದಿನ ಐನೂರು ಮೈಲಿ. ಒಂದು ಸೀಸನ್ನಿನಲ್ಲಿ ನಾಲ್ಕೋ ಐದೋ ಸುಂಟರಗಾಳಿ ಸಿಕ್ಕರೆ ಪುಣ್ಯ. ಲೆಕ್ಕ ಹಾಕಿದರೆ ನೂರು ದಾಟುತ್ತದೆ. ಆದರೆ ಹೇಳಿದರೆ ನಂಬುವವರಿಲ್ಲ, ಅವುಗಳಲ್ಲಿ ಒಂದನ್ನೂ ವರ್ಲಾ ಮೊದಲಿಂದ ಕೊನೆಯವರೆಗೆ ನೋಡಿಲ್ಲ!

ಯಾಕೆಂದರೆ ಗಾಡಿ ನಿಲ್ಲಿಸುವಾಗ ಮೂತಿ ಓಡಿಹೋಗುವ ದಾರಿಯ ಕಡೆಗಿರಬೇಕು, ಎಂಜಿನ್ ಆರಬಾರದು, ಚಾಲಕಿಯ ಕಣ್ಣು ರಸ್ತೆ ಬಿಟ್ಟು ಕದಲಬಾರದು. "ಆಕಾಶ ನೋಡೋಕೆ ಅಷ್ಟು ಜನ ಇದಾರೆ. ದಾರಿ ನೋಡೋಕೆ ಒಬ್ಳಾದ್ರೂ ಬೇಡ್ವಾ?"

ಈ ಹುಚ್ಚು ಹಚ್ಚಿದವರು ಗಂಡ ಓರಿನ್. ದನದ ಮೇವಿನ ಗಿರಣಿಯಲ್ಲಿ ಕೆಲಸ, ತಲೆಯೆಲ್ಲ ಮೋಡ. ಆಗ ಈಗಿನಂತೆ ಅಂಗೈಯಲ್ಲಿ ನಕ್ಷೆ ಇರಲಿಲ್ಲ. ತೊಡೆಯ ಮೇಲೆ ಕಾಗದದ ನಕ್ಷೆ, ಕಿವಿಗೆ ರೇಡಿಯೊ, ಜೇಬಲ್ಲಿ ಟೆಲಿಫೋನ್ ಬೂತಿಗೆ ಹಾಕುವ ಚಿಲ್ಲರೆ. ಗಾಳಿ ಕೆಳಗಿಳಿಯಿತೆಂದರೆ "ವರ್ಲಾ, ನೋಡೇ! ನೋಡೇ!" ಎಂದು ಕುಣಿಯುತ್ತಿದ್ದರು. "ನೀನೇ ನೋಡು ಮಾರಾಯ, ನನಗೆ ಮುಂದೆ ಹಳ್ಳ ಕಾಣ್ತಿದೆ," ಎನ್ನುವುದು ಈಕೆಯ ಉತ್ತರ.

ಸುಂಟರಗಾಳಿ ಸಿಕ್ಕ ದಿನ ರಾತ್ರಿ ಊಟಕ್ಕೆ ಸ್ಟೇಕ್, ಕೆಂಡದ ಮೇಲೆ ಸುಟ್ಟ ಮಾಂಸದ ದಪ್ಪ ತುಂಡು. ಅದು ಈ ಕಸುಬಿನವರೆಲ್ಲರ ಪದ್ಧತಿ. ಓರಿನ್ ಕೈ ಒರೆಸುವ ಕಾಗದವನ್ನು ಹುರಿ ಮಾಡಿ ಮೇಜಿನ ಮೇಲೆ ಗಿರಗಿರನೆ ಆಡಿಸುತ್ತ, ಹೇಗೆ ಇಳಿಯಿತು, ಎಲ್ಲಿ ಬಾಗಿತು, ಎಲ್ಲ ಮಾಡಿ ತೋರಿಸುತ್ತಿದ್ದರು. "ಒಂದ್ಸಲ ಸಾಸ್ ಬಾಟ್ಲಿ ಕೆಡವಿಬಿಟ್ಟ. ಆ ಬಾಟ್ಲಿ ಗಾಳಿಗೆ ಸಿಕ್ಕ ಕೊಟ್ಟಿಗೆಯಂತೆ! ನಾನು ನೋಡಿದ ಸುಂಟರಗಾಳಿ ಎಲ್ಲಾ ಊಟದ ಮೇಜಿನ ಮೇಲಿಂದೇ," ಎಂದು ವರ್ಲಾ ನಗುತ್ತಾರೆ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ.

"ನಿನ್ನ ಕೊನೇ ಸೀಸನ್ನಲ್ಲಿ ನಾನು ಗಾಡಿ ನೋಡ್ಕೋತೀನಿ, ನೀನು ರಾಣಿ ಥರ ಕೂತು ನೋಡು" ಎಂದು ಓರಿನ್ ಒಂದು ಮಡಚುವ ಕುರ್ಚಿಯನ್ನೂ ತಂದಿಟ್ಟಿದ್ದರು. ಆರು ವರ್ಷದ ಹಿಂದೆ ಎದೆ ಕೈಕೊಟ್ಟು ತೀರಿಕೊಂಡರು. ಅಂಗಡಿಯ ಚೀಟಿ ಕೂಡ ಕಿತ್ತಿರದ ಆ ಕುರ್ಚಿ ವ್ಯಾನಿನ ಹಿಂಭಾಗದಲ್ಲೇ ಇದೆ.

ಈಗ ಸೊಂಟ ಮಾತು ಕೇಳುತ್ತಿಲ್ಲ. ಇಂದಿನದೇ ವರ್ಲಾ ಅವರ ಕೊನೆಯ ಓಟ. ಗೈಡ್ ಕಿಪ್, ಇಪ್ಪತ್ತೊಂಬತ್ತರ ಹುಡುಗಾಟದ ಆಳು, ಕಾಫಿ ಲೋಟ ಹಿಡಿದು ಬಂದವನೇ ಘೋಷಿಸುತ್ತಾನೆ: "ಇವತ್ತು ಗಾಳಿ ಇಳೀತು ಅಂದ್ರೆ ಸ್ಟಿಯರಿಂಗ್ ನಂದು, ಕುರ್ಚಿ ನಿಮ್ದು. ಮೇಡಂ, ವಾದ ಇಲ್ಲ!" ಪ್ರವಾಸಿಗರಲ್ಲೊಬ್ಬರಾದ ಒಹಾಯೊದ ನಿವೃತ್ತ ಕ್ಷೌರಿಕ ಲೆಲಂಡ್ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ.

ಸಂಜೆ ಐದೂಕಾಲು. ಕೋಲ್ಡ್‌ವಾಟರ್ ಊರಿನ ಪಶ್ಚಿಮಕ್ಕೆ ಕೆಂಪು ಮಣ್ಣಿನ ರಸ್ತೆ. ಡಾಂಬರು ರಸ್ತೆ ಎರಡು ಮೈಲಿ ದಕ್ಷಿಣಕ್ಕಿದೆ. ಕಿಪ್ ಸ್ಟಿಯರಿಂಗ್ ಹಿಡಿದು ಕೂತಿದ್ದಾನೆ. ಗೋಧಿ ಹೊಲದ ಬೇಲಿಯ ಪಕ್ಕ ಕುರ್ಚಿ ಬಿಚ್ಚಿ, ವರ್ಲಾ ರಸ್ತೆಗೆ ಬೆನ್ನು ಹಾಕಿ ಕೂರುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ವಾಯವ್ಯದಲ್ಲಿ ಕಪ್ಪು ಮೋಡದ ತಳ ತಿರುಗತೊಡಗುತ್ತದೆ. ಅದರಿಂದ ಬೂದುಬಣ್ಣದ ಸೊಂಡಿಲೊಂದು ಇಳಿದು ನೆಲ ಮುಟ್ಟುತ್ತದೆ.

"ಅಯ್ಯೋ, ಎಷ್ಟು ಮೆತ್ತಗೆ ಬರುತ್ತೆ ಇದು!" ಎನ್ನುತ್ತಾರೆ ವರ್ಲಾ, ಮೊದಲ ಸಲ ಸಮುದ್ರ ಕಂಡ ಮಗುವಿನ ಹಾಗೆ. ಓರಿನ್ ಯಾವತ್ತೂ ಗಿರಗಿರನೆ ತಿರುಗಿಸಿಯೇ ತೋರಿಸುತ್ತಿದ್ದರಲ್ಲ.

ನೋಡಿದ್ದು ಒಂದು ನಿಮಿಷವಿರಬಹುದು. ಕತ್ತು ತಾನಾಗಿ ಹಿಂದಕ್ಕೆ ತಿರುಗಿತು, ಹಾಳು ಅಭ್ಯಾಸ. ದಕ್ಷಿಣದಿಂದ ರೈತನೊಬ್ಬನ ಪಿಕಪ್ ಬರುತ್ತಿದೆ. ಈ ರಸ್ತೆಯಲ್ಲಿ ಗಾಡಿ ಬಂದರೆ ಹಿಂದೆ ಕೆಂಪು ಧೂಳು ಏಳಲೇಬೇಕು. ಏಳುತ್ತಿಲ್ಲ. ತೀರಾ ಹತ್ತಿರ ಬಂದ ಮೇಲೆ ಏಳುತ್ತದೆ. ಅಂದರೆ ದಕ್ಷಿಣದಲ್ಲಿ ಬೇರೊಂದು ಮಳೆ ಆಗಲೇ ಬಿದ್ದಿದೆ. ಒದ್ದೆಯಾದರೆ ಈ ಮಣ್ಣು ಸೋಪಿನಷ್ಟೇ ಜಾರುತ್ತದೆ. ಡಾಂಬರು ಸೇರಲು ಇದ್ದದ್ದು ಅದೊಂದೇ ದಾರಿ.

"ಹತ್ತಿ! ಎಲ್ಲರೂ ಹತ್ತಿ! ಕಿಪ್, ಇಳಿ ಅಲ್ಲಿಂದ!"

"ಎರಡೇ ನಿಮಿಷ ವರ್ಲಾ! ಈಗ ತಾನೇ ಇಳಿದಿದೆ, ನೀವು ನೋಡಿ..."

"ಎರಡು ನಿಮಿಷ ಬಿಟ್ರೆ ಗಾಡಿ ಇಲ್ಲೇ, ನಾವೂ ಇಲ್ಲೇ. ಇಳಿಯೋ ಅಂದ್ರೆ!"

ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಗದರಿಸುವ ದನಿ ಅದು. ಕಿಪ್ ಪಕ್ಕಕ್ಕೆ ಸರಿದ. ಲೆಲಂಡ್ ಹಿಂದಿನ ಗಾಜಿಗೆ ಮೂಗೊತ್ತಿ ಗಾಳಿಯನ್ನೇ ನೋಡುತ್ತಿದ್ದಾರೆ. ಒದ್ದೆ ರಸ್ತೆ ಶುರುವಾದಲ್ಲಿ ವ್ಯಾನಿನ ಹಿಂಭಾಗ ಹಾವಿನ ಹಾಗೆ ಹೊರಳುತ್ತದೆ. ವರ್ಲಾ ಬ್ರೇಕ್ ಮುಟ್ಟುವುದಿಲ್ಲ, ಉಸಿರೂ ಬಿಡುವುದಿಲ್ಲ. ಕೊನೆಗೂ ಚಕ್ರಗಳು ಡಾಂಬರು ಹತ್ತಿದವು. ಗಾಡಿ ನಿಲ್ಲಿಸಿ ತಿರುಗಿದರೆ ಉತ್ತರದಲ್ಲಿ ಬರೀ ಮಳೆಯ ಪರದೆ.

"ಕುರ್ಚಿ! ಅಲ್ಲೇ ಬಿಟ್ಬಂದ್ವಿ!" ಎಂದು ಕಿಪ್ ತಲೆ ಮೇಲೆ ಕೈಹೊತ್ತ.

ವರ್ಲಾ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದರು. "ಹೋಗ್ಲಿ ಬಿಡೋ," ಎಂದರು ಆಮೇಲೆ, ಸಣ್ಣ ದನಿಯಲ್ಲಿ.

ಅದೇ ರಸ್ತೆಯಲ್ಲಿ ಹೂತುಹೋದ ಇನ್ನೊಂದು ಗಾಡಿಯ ಗಾಜುಗಳನ್ನು ಆಲಿಕಲ್ಲು ಪುಡಿ ಮಾಡಿತು, ಇಬ್ಬರ ತಲೆಗೆ ಹೊಲಿಗೆ ಬಿತ್ತು ಎಂಬ ಸುದ್ದಿ ಊಟದ ಹೊತ್ತಿಗೆ ಮುಟ್ಟುತ್ತದೆ. ಮೇಜಿನ ಸುತ್ತ ಯಾರೂ ಚಾಕು ಎತ್ತುವುದಿಲ್ಲ. ಕೂರುವ ಮೊದಲು ವರ್ಲಾ ಎಂದಿನಂತೆ ಬೆರಳು ಮಡಚಿ ತಲೆ ಎಣಿಸುತ್ತಾರೆ. ಏಳು, ಕಿಪ್ ಸೇರಿ ಎಂಟು.

"ನನ್ನ ಮೇಲೆ ಬೇಜಾರಾ ವರ್ಲಾ? ಗಾಳಿ ನೀವು ನೋಡ್ಬೇಕಿತ್ತು, ಧೂಳು ನಾನು ನೋಡ್ಬೇಕಿತ್ತು," ಎನ್ನುತ್ತಾನೆ ಕಿಪ್, ತಲೆ ತಗ್ಗಿಸಿ.

"ಬೇಜಾರು ಯಾಕೋ? ಗಾಳಿ ನೋಡಿದೋರೆಲ್ಲ ಊಟಕ್ಕೆ ಬಂದು ಕೂರೋದನ್ನ ಇಪ್ಪತ್ತಾರು ವರ್ಷ ನೋಡಿದೀನಿ. ಮುಂದಿನ ವರ್ಷದಿಂದ ನೀನು ನೋಡು."

ಆಮೇಲೆ ಮೇಜಿನ ಮೇಲಿನ ಕಾಗದವೊಂದನ್ನು ಹುರಿ ಮಾಡಿ ಲೆಲಂಡ್ ಕೈಗಿಟ್ಟರು.

"ಎಲ್ಲಿ, ಮುಂದೇನಾಯ್ತು ತೋರ್ಸಿ. ಮೊದಲನೇ ಭಾಗ ನಾನೂ ನೋಡಿದೀನಿ, ಇವತ್ತು ಸುಳ್ಳು ನಡೆಯಲ್ಲ."