ಕೋಮಲಕ್ಕ ಹೊತ್ತು ಹೇಳುವ ಬಗೆ

ಕಡೂರಿನ ನಮ್ಮ ಬೀದಿಯ ಕೋಮಲಕ್ಕ ಮನೆಯಲ್ಲಿ ಏನೇ ಸಮಾರಂಭ ಮಾಡಲಿ, ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹೇಳುತ್ತಾರೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುವ ಪಂಚನಹಳ್ಳಿಯ ಭಾವನಿಗೆ ಐದು ಗಂಟೆ. ಕಸ ಗುಡಿಸುವ ಮೊದಲೇ ಬಂದು ಕೂರುವ ಎದುರುಮನೆ ಮೇಷ್ಟ್ರಿಗೆ ಎಂಟು. ಇಬ್ಬರೂ ಏಳಕ್ಕೆ ಒಟ್ಟಿಗೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಮುಗಿಯುವ ಹೊತ್ತನ್ನು ಮಾತ್ರ ಕೋಮಲಕ್ಕ ಬಾಯಿಬಿಟ್ಟು ಹೇಳುವವರಲ್ಲ. ಎಲೆ-ಅಡಿಕೆ ತಂದಿಟ್ಟ ಮೇಲೂ ಯಾರೂ ಏಳದಿದ್ದರೆ, “ಕಡೇ ಬಸ್ಸು ಹೊರಟೋಯ್ತೋ ಏನೋ, ನೋಡ್ರೀ!” ಎಂದು ಎದುರುಮನೆ ಮೇಷ್ಟ್ರನ್ನೇ ಗಾಬರಿಪಡಿಸುತ್ತಾರೆ, ಪಾಪ, ಬಸ್ಸೇ ಬೇಕಿಲ್ಲದ ಅವರು ಎದ್ದೇಬಿಡುತ್ತಾರೆ, ಅವರ ಹಿಂದೆ ಉಳಿದವರೂ. ಹೋದ ತಿಂಗಳು ಕೋಮಲಕ್ಕನ ಮೊಮ್ಮಗಳ ಹುಟ್ಟುಹಬ್ಬವಿತ್ತು. ಗಂಡ ತೀರಿಕೊಂಡ ಮೇಲೆ ಯಾರ ಮನೆಯ ಶುಭಕಾರ್ಯಕ್ಕೂ ಹೋಗದ ಪಕ್ಕದ ಮನೆ ದಾಕ್ಷಾಯಿಣಿಗೆ ಕೋಮಲಕ್ಕ ಹೇಳಿದ್ದು ನಾಲ್ಕು ಗಂಟೆ. ಅವಳು ಹಿಂಜರಿಯುತ್ತಲೇ ಬಂದಾಗ, ಬಲೂನು ಊದುತ್ತಿದ್ದ ನನ್ನನ್ನು ಬಿಟ್ಟರೆ ಹೊರಗಿನವರು ಯಾರೂ ಇರಲಿಲ್ಲ. “ಆಮೇಲೆ ಬತ್ತೀನಿ ಅಕ್ಕ,” ಎಂದು ತಿರುಗಿದವಳ ಕೈಹಿಡಿದು ಕೋಮಲಕ್ಕ ನಡುಮನೆಯ ಕುರ್ಚಿಯಲ್ಲಿ ಕೂರಿಸಿದರು. ಮಗುವನ್ನು ಅವಳ ಮಡಿಲಿಗೆ ಹಾಕಿ, “ಜಡೆ ಹಾಕು ಕಣೇ, ನಂಗೆ ಒಲೆ ಮುಂದೆ ಕೆಲಸ ಐತೆ,” ಎಂದರು. ನೆಂಟರು ಬರುವಷ್ಟರಲ್ಲಿ ದಾಕ್ಷಾಯಿಣಿ ಮನೆಯವಳಂತೆ, “ಬನ್ನಿ, ಕೂತ್ಕಳಿ,” ಎನ್ನುತ್ತಿದ್ದಳು. ಎಲ್ಲರೂ ಹೊರಟಾಗ ಅವಳೂ ಸೆರಗು ಸರಿಮಾಡಿಕೊಂಡು, “ನಾನೂ ಹೊರಡ್ಲಾ ಅಕ್ಕ?” ಎಂದಳು. “ನಿಂಗೇನೇ ಅವಸರ? ನಾವಿಬ್ರೂ ಇನ್ನೂ ಉಂಡೇ ಇಲ್ಲ, ತಟ್ಟೆ ಹಾಕು,” ಎಂದು ಕೋಮಲಕ್ಕ ಅಡುಗೆಮನೆಗೆ ನಡೆದರು.